ಬಸುರು ಹೊತ್ತವಳು ಒಬ್ಬಳು, ತೀರ್ಪು ಕೊಡುವವರು ನೂರು ಜನ

(ಕುಮಟೆಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ. ಹೊನ್ನಾವರ, ಭಟಕಳಗಳ ವಾಚಕರ ಅಪೇಕ್ಷೆಯಂತೆ ಇಲ್ಲಿ ಕೊಟ್ಟಿದೆ.)



ಈ ಸಭೆಯ ಸುದ್ದಿ ತಿಳಿದು ಹಿರಿಯ ಸಂಗಾತಿಯೊಬ್ಬರು ನನ್ನನ್ನು ಪೇಟೆಯಲ್ಲಿ ತಡೆದು ನಿಲ್ಲಿಸಿದರು. "ಏನು ಮಾಸ್ತರೇ, ಕೂಲಿಯ ಪ್ರಶ್ನೆ ಹಾಗೇ ಬಿದ್ದಿದೆ, ಬೋನಸ್ಸಿನ ಪ್ರಶ್ನೆ ಹಾಗೇ ಬಿದ್ದಿದೆ. ಅದನ್ನೆಲ್ಲ ಬಿಟ್ಟು ಹೆಂಗಸರ ಬಸುರಿನ ವಿಷಯ ಪಕ್ಷದ ವೇದಿಕೆಗೆ ಯಾಕೆ ತಂದಿರಿ? ಇದು ಅಡಿಗೆಮನೆಯ ಒಳಗಿನ ಮಾತಲ್ಲವೇ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ವರ್ಷದ ಹಿಂದೆ ನಾನೂ ಇದೇ ಮಾತನ್ನು ಆಡುತ್ತಿದ್ದೆ. ಆ ಮಾತನ್ನು ನಾನು ಯಾಕೆ ಬಿಟ್ಟೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಿಮಗೆ ಗೊತ್ತಿದ್ದಂತೆ ನಾನು ಮೆಟ್ರಿಕ್ ಮುಗಿಸಿ ಕೆಲವು ವರ್ಷ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ನನ್ನ ಐದನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು. ಒಂದು ಮಳೆಗಾಲದಲ್ಲಿ ಅವಳು ಶಾಲೆಗೆ ಬರುವುದು ನಿಂತುಹೋಯಿತು. ಮನೆಗೆ ಹೋಗಿ ನೋಡಿದರೆ ತಾಯಿ ತೀರಿಕೊಂಡಿದ್ದಳು, ಹುಡುಗಿಯ ಸೊಂಟದ ಮೇಲೆ ವರ್ಷದ ತಮ್ಮ ಕುಳಿತಿದ್ದ. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದವಳು, ಗಂಡ ಗೋವೆಯಲ್ಲಿ ದೋಣಿಯ ಮೇಲೆ. ಏನಾಗಿತ್ತು ಎಂದು ಕೇಳಿದರೆ "ಹೊಟ್ಟೆನೋವು" ಎಂದರು. ನಾನು "ದೈವೇಚ್ಛೆ" ಎಂದು ಹೇಳಿ ಮನೆಗೆ ಬಂದೆ.

ನಿಜ ಸಂಗತಿ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅವಳಿಗೆ ನಾಲ್ಕನೆಯ ಬಸುರು ನಿಂತಿತ್ತು. ಎದೆಹಾಲು ಬಿಡದ ಕೂಸು ಇನ್ನೂ ಮಡಿಲಲ್ಲಿ. ಬೇಡ ಎಂದು ಅವಳು ಒಂದು ಕಡೆ ಚಿಕಿತ್ಸೆಗೆ ಹೋದಾಗ "ಗಂಡನನ್ನು ಕರೆದುಕೊಂಡು ಬಾ, ಅವನ ಸಹಿ ಬೇಕು" ಎಂದು ಹಿಂದೆ ಕಳಿಸಿದರು. ಗಂಡ ಬರುವುದು ಎರಡು ತಿಂಗಳ ಮೇಲೆ. ಅವಳು ಯಾರೋ ಹೇಳಿದ ಗಾವಠಿ ಔಷಧ ತೆಗೆದುಕೊಂಡಳು. ಮೂರು ದಿನ ರಕ್ತ ಹೋಯಿತು. ನಾಲ್ಕನೆಯ ದಿನ ರಿಕ್ಷಾದಲ್ಲಿ ಹಾಕಿದರು, ದಾರಿಯಲ್ಲೇ ಮುಗಿಯಿತು.

ಸಂಗಾತಿಗಳೇ, ಗಂಡನ ಸಹಿ ಬೇಕು ಎಂದು ಈ ದೇಶದ ಯಾವ ಕಾಯಿದೆಯೂ ಹೇಳುವುದಿಲ್ಲ. ಆಗಲೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ. ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಇಷ್ಟು ಮಾತನ್ನು ಅವಳಿಗೆ ಹೇಳುವವರು ಇರಲಿಲ್ಲ. ಊರಿನ ಮಾಸ್ತರನಾಗಿದ್ದ ನನಗೇ ಗೊತ್ತಿರಲಿಲ್ಲ. ಆದ್ದರಿಂದಲೇ ಇದು ಅಡಿಗೆಮನೆಯ ಮಾತಲ್ಲ ಎನ್ನುತ್ತೇನೆ.

ಬೆಳಗಾವಿಯ ಮಗಳು

ಈಗ ದೂರದ ಒಂದು ದೇಶಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ದೂರದ್ದಾದರೂ ಅಲ್ಲಿ ಸತ್ತವಳು ನಮ್ಮವಳು.

ಸವಿತಾ ಹಾಲಪ್ಪನವರ ಬೆಳಗಾವಿಯ ಹೆಣ್ಣುಮಗಳು. ಓದಿ ದಂತವೈದ್ಯೆಯಾದವಳು. ಗಂಡನೊಡನೆ ಐರ್ಲೆಂಡ್ ದೇಶದ ಗಾಲ್ವೇ ಎಂಬ ಪಟ್ಟಣದಲ್ಲಿದ್ದಳು. 2012ರ ಅಕ್ಟೋಬರ್ 21ರಂದು, 17 ವಾರದ ಗರ್ಭಿಣಿಯಾಗಿದ್ದಾಗ, ನೋವು ಕಾಣಿಸಿಕೊಂಡು ಆಸ್ಪತ್ರೆ ಸೇರಿದಳು. ಗರ್ಭ ಉಳಿಯುವುದಿಲ್ಲ ಎಂದು ಅಲ್ಲಿಯ ಡಾಕ್ಟರರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. ಕೂಸಿನ ಎದೆಬಡಿತ ಇನ್ನೂ ಇದೆ, ಅದು ನಿಲ್ಲುವ ತನಕ ಕೈ ಹಚ್ಚುವಂತಿಲ್ಲ ಎಂಬ ಉತ್ತರ ಬಂತು. ಇದು ಕೆಥೊಲಿಕ್ ದೇಶ ಎಂಬ ಮಾತನ್ನೂ ಅವಳು ಕೇಳಬೇಕಾಯಿತು. ಆ ಮಾತು ಆಡಿದ್ದು ನಿಜವೆಂದು ಆಮೇಲೆ ವಿಚಾರಣೆಯಲ್ಲಿ ಸೂಲಗಿತ್ತಿ ದಾದಿಯೊಬ್ಬಳು ಒಪ್ಪಿಕೊಂಡಳು. ಕಾದು ಕಾದು ರಕ್ತಕ್ಕೆ ನಂಜು ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ವಯಸ್ಸು 31.

ಆ ದೇಶ 1983ರಲ್ಲಿ ತನ್ನ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದು, ಹೊಟ್ಟೆಯೊಳಗಿನ ಜೀವಕ್ಕೂ ಹೊತ್ತ ತಾಯಿಗೂ ಸಮಾನ ಹಕ್ಕು ಎಂದು ಬರೆದುಕೊಂಡಿತ್ತು. ಕಾಗದದ ಮೇಲೆ ಕೇಳಲು ಇಂಪಾದ ಮಾತು. ಹಾಸಿಗೆಯ ಹತ್ತಿರ ಬಂದಾಗ ಆ ಸಮಾನತೆ ಉಳಿಯದ ಕೂಸಿಗಾಗಿ ಉಳಿಯಬಹುದಾಗಿದ್ದ ತಾಯಿಯನ್ನು ಬಲಿ ಕೊಟ್ಟಿತು.

ಆದರೆ ಐರಿಷ್ ಜನ ಸುಮ್ಮನೆ ಕೂಡಲಿಲ್ಲ. ಸವಿತಾಳ ಚಿತ್ರ ಹಿಡಿದು ಬೀದಿಗಿಳಿದರು. ಆರು ವರ್ಷ ವಾದ ನಡೆಯಿತು, ಮನೆಮನೆಯ ಬಾಗಿಲಲ್ಲಿ ನಡೆಯಿತು. ಮುದುಕಿಯರು ಐವತ್ತು ವರ್ಷ ಬಚ್ಚಿಟ್ಟ ದುಃಖವನ್ನು ಮೊದಲ ಸಲ ಹೇಳಿಕೊಂಡರು. ಬೆಳಗಾವಿಯಲ್ಲಿದ್ದ ಸವಿತಾಳ ತಂದೆತಾಯಿಗಳು, ನಮ್ಮ ಮಗಳಿಗಾದದ್ದು ಮತ್ತೊಬ್ಬರ ಮಗಳಿಗೆ ಆಗದಿರಲಿ ಎಂದು ಆ ದೇಶದ ಮತದಾರರನ್ನು ಬೇಡಿಕೊಂಡರು. 2018ರ ಮೇ 25ರಂದು ಜನಮತ ನಡೆದು ನೂರಕ್ಕೆ 66.4 ಜನ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. 2019ರ ಜನವರಿ 1ರಿಂದ ಅಲ್ಲಿ ಹೊಸ ಕಾಯಿದೆ ನಡೆಯುತ್ತಿದೆ.

ಇದರಿಂದ ಕಲಿಯಬೇಕಾದದ್ದು ಏನು? ಅವರು ಹೋರಾಡಿ ಪಡೆದರು. ಆದ್ದರಿಂದ ಅಲ್ಲಿಯ ಪ್ರತಿ ಹೆಂಗಸಿಗೂ ತನ್ನ ಹಕ್ಕು ಏನೆಂದು ಗೊತ್ತಿದೆ.

ಕೇಳದೆ ಬಂದ ಕಾಯಿದೆ

ನಮ್ಮಲ್ಲಿ ಆದದ್ದು ಬೇರೆ. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯಲ್ಲಿ ಗರ್ಭ ಇಳಿಸಿದವರಿಗೆ ಮೂರು ವರ್ಷದ ತನಕ ಸೆರೆಮನೆ, ಗರ್ಭ ಚಲಿಸುವಷ್ಟು ಬೆಳೆದಿದ್ದರೆ ಏಳು ವರ್ಷದ ತನಕ. ಶಿಕ್ಷೆ ಹೆಂಗಸಿಗೂ ಇತ್ತು. ಬಸುರು ಮಾಡಿದ ಗಂಡಸಿನ ಮಾತು ಅಲ್ಲಿ ಎಲ್ಲಿಯೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆಗ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದು 1862ರಲ್ಲಿ. ಅದರ ಮರುವರ್ಷವೇ ಅದೇ ಇಲಾಖೆಯ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ, ಬಸುರಾದ ವಿಧವೆಯರು ಬಾವಿ ಬೀಳದೆ, ಕೂಸು ಕೊಲ್ಲದೆ, ಗುಟ್ಟಾಗಿ ಬಂದು ಹೆರಬಹುದಾದ ಒಂದು ಮನೆಯನ್ನು ತೆರೆದರು. ಸರಕಾರ ಸೆರೆಮನೆಯ ಬಾಗಿಲು ತೋರಿಸಿದ ಕಡೆ ಅವರು ಮನೆಯ ಬಾಗಿಲು ತೆರೆದಿಟ್ಟರು.

ಸ್ವಾತಂತ್ರ್ಯ ಬಂದ ಮೇಲೂ ಹಳೆಯ ಕಲಮುಗಳೇ ಉಳಿದವು. ಕಳ್ಳ ಬಸಿರಿಳಿಸುವಿಕೆಯಿಂದ ಹೆಂಗಸರು ಸಾಯುವುದು ಹೆಚ್ಚಿ, 1964ರಲ್ಲಿ ಸರಕಾರ ಶಾಂತಿಲಾಲ ಶಾಹ ಅವರ ಸಮಿತಿಯನ್ನು ನೇಮಿಸಿತು. 1966ರಲ್ಲಿ ವರದಿ ಬಂತು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಆಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಮೇರಿಕೆಯ ಸುಪ್ರೀಂ ಕೋರ್ಟು ಅಲ್ಲಿಯ ಹೆಂಗಸರಿಗೆ ಈ ಹಕ್ಕು ಇದೆ ಎಂದು ಹೇಳಿದ್ದು 1973ರ ಜನವರಿಯಲ್ಲಿ, ಅಂದರೆ ನಮಗಿಂತ ಆಮೇಲೆ. ಅದೇ ಕೋರ್ಟು 2022ರ ಜೂನ್ 24ರಂದು ಅದನ್ನು ಕಸಿದುಕೊಂಡಿತು. ಕೊಟ್ಟವರು ಕಸಿಯಲೂ ಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಕಾಯಿದೆ ಮೇಲಿನಿಂದ ಬಂತು. ಹೆಂಗಸರ ಮೆರವಣಿಗೆ ಹೊರಟು ಬರಲಿಲ್ಲ. ಜನಸಂಖ್ಯೆಯ ಚಿಂತೆ, ಸಾವಿನ ಚಿಂತೆ, ಎರಡೂ ಕೂಡಿ ದಿಲ್ಲಿಯಲ್ಲಿ ಹುಟ್ಟಿತು. ಅದು ಹೆಂಗಸಿಗೆ ಹಕ್ಕು ಕೊಟ್ಟಿತು ಎನ್ನುವುದಕ್ಕಿಂತ ಡಾಕ್ಟರಿಗೆ ರಕ್ಷಣೆ ಕೊಟ್ಟಿತು ಎಂದರೆ ಸರಿಯಾದೀತು. ತೀರ್ಮಾನದ ಕೊನೆಯ ಮಾತು ಡಾಕ್ಟರದೇ. ಕೇಳದೆ ಬಂದದ್ದರಿಂದ ಕೇಳಬೇಕಾದವರಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ.

ನಿಮಗೆ ಗೇಣಿಯ ಉದಾಹರಣೆ ಕೊಟ್ಟರೆ ಬೇಗ ತಿಳಿದೀತು. ಉಳುವವನೇ ಒಡೆಯ ಎಂದು 1974ರಲ್ಲಿ ಕಾಯಿದೆ ಗಟ್ಟಿಯಾಯಿತು. ಆದರೆ ಏಳನೇ ನಂಬರಿನ ಅರ್ಜಿ ಕೊಡಬೇಕು ಎಂದು ತಿಳಿದವನಿಗೆ ಭೂಮಿ ಬಂತು. ತಿಳಿಯದವನು, ಧಣಿಗೆ ಹೆದರಿದವನು, ಕೈಬಿಟ್ಟ. ಕಾಯಿದೆ ಇಬ್ಬರಿಗೂ ಒಂದೇ ಆಗಿತ್ತು.

ಕಾಯಿದೆಯಲ್ಲಿ ಇರುವುದೇನು?

ನಾನು ವಕೀಲನಲ್ಲ. ಆದರೆ ಓದಲು ಬರುತ್ತದೆ. 2021ರ ಸೆಪ್ಟೆಂಬರ್ 24ರಿಂದ ತಿದ್ದುಪಡಿಯಾಗಿ ನಡೆಯುತ್ತಿರುವ ಕಾಯಿದೆಯನ್ನು ಬಿಡಿಸಿ ಹೇಳುತ್ತೇನೆ, ಮನೆಗೆ ಹೋಗಿ ಹೇಳಿರಿ.

20 ವಾರದ ತನಕ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. ಜೀವಕ್ಕೆ ಅಪಾಯ, ದೇಹಕ್ಕಾಗಲಿ ಮನಸ್ಸಿಗಾಗಲಿ ದೊಡ್ಡ ಪೆಟ್ಟು, ಕೂಸಿಗೆ ಗಂಭೀರ ಊನ, ಇವು ಕಾರಣಗಳು. ಬಲಾತ್ಕಾರದಿಂದ ನಿಂತ ಬಸುರು, ಗರ್ಭನಿರೋಧಕ ಕೈಕೊಟ್ಟು ನಿಂತ ಬಸುರು, ಇವೂ ಮನಸ್ಸಿನ ಪೆಟ್ಟು ಎಂದೇ ಲೆಕ್ಕ. ಹೆಂಗಸು ಬಾಳುತ್ತಿರುವ ಪರಿಸ್ಥಿತಿಯನ್ನೂ ಡಾಕ್ಟರು ನೋಡಬಹುದು ಎಂದು ಕಾಯಿದೆ ಹೇಳುತ್ತದೆ. ಬಡವರಿಗೆ ಇದು ದೊಡ್ಡ ಮಾತು.

20ರಿಂದ 24 ವಾರದ ತನಕ ಇಬ್ಬರು ಡಾಕ್ಟರರು ಬೇಕು, ಮತ್ತು ಕೆಲವು ವರ್ಗದವರಿಗೆ ಮಾತ್ರ: ಬಲಾತ್ಕಾರಕ್ಕೆ ಒಳಗಾದವರು, ಹದಿನೆಂಟು ತುಂಬದವರು, ಬಸುರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು, ಇನ್ನೂ ಕೆಲವರು. 24 ದಾಟಿದ ಮೇಲೆ ಕೂಸಿಗೆ ಗಂಭೀರ ಊನವಿದ್ದರೆ ಸರಕಾರದ ವೈದ್ಯಮಂಡಳಿ ನೋಡಬೇಕು. ತಾಯಿಯ ಜೀವ ಉಳಿಸಲು ತತ್‌ಕ್ಷಣ ಬೇಕಾದರೆ ವಾರಗಳ ಲೆಕ್ಕವೇ ಇಲ್ಲ. ಸವಿತಾ ಹುಟ್ಟೂರಿನಲ್ಲೇ ಇದ್ದಿದ್ದರೆ ಕಾಯಿದೆ ಅವಳಿಗೆ ಅಡ್ಡ ಬರುತ್ತಿರಲಿಲ್ಲ.

ಮದುವೆಯಾಗದವಳ ಗತಿ ಏನು? 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಮದುವೆಯಾದವಳು, ಆಗದವಳು ಎಂದು ಭೇದ ಮಾಡುವಂತಿಲ್ಲ. ಗಂಡನೇ ಬಲವಂತ ಮಾಡಿ ನಿಂತ ಬಸುರನ್ನೂ ಈ ಕಾಯಿದೆಯ ಮಟ್ಟಿಗೆ ಬಲಾತ್ಕಾರವೆಂದೇ ನೋಡಬೇಕು ಎಂದು ಹೇಳಿದೆ. ಹೆಸರು ಹೊರಗೆ ಬಿಟ್ಟ ಡಾಕ್ಟರಿಗೆ ಒಂದು ವರ್ಷದ ತನಕ ಸೆರೆಮನೆಯೂ ಆಗಬಹುದು.

ಇನ್ನೊಂದು ಮಾತು ಗಿರಣಿಯವರಿಗೆ. ಗರ್ಭ ತಾನಾಗಿ ಇಳಿದರೂ ಡಾಕ್ಟರರಿಂದ ತೆಗೆಸಿದರೂ ಕೆಲಸದ ಹೆಂಗಸಿಗೆ ಆರು ವಾರ ಸಂಬಳ ಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ಬರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದನ್ನು ಉಳಿಸಿದ್ದಾರೆ. ಇಲ್ಲಿ ಕೂತ ಅಕ್ಕಂದಿರೇ, ನಿಮ್ಮಲ್ಲಿ ಎಷ್ಟು ಜನ ಮೂರನೆಯ ದಿನವೇ ಸೊಂಟ ಬಿಗಿದುಕೊಂಡು ಬೀಜ ಒಡೆಯಲು ಕೂತಿದ್ದೀರಿ? ಕೈ ಎತ್ತುವುದು ಬೇಡ. ನಿಮಗೆ ಗೊತ್ತಿದೆ. ಆ ಆರು ವಾರದ ಸಂಬಳ ನಿಮ್ಮದಾಗಿತ್ತು.

ಪೂಜಾರಿ ಕೊಡದ ವರ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಕಾಯಿದೆ ಒಂದು ಕಡೆ, ಹೆಂಗಸು ಒಂದು ಕಡೆ, ನಡುವೆ ನಿಂತವರು ಹಲವರು. ಗಂಡನ ಸಹಿ ಕೇಳುವವರು ಒಬ್ಬರು. "ಮದುವೆ ಆಗಿದೆಯೇ?" ಎಂದು ಎಲ್ಲರ ಎದುರು ಕೂಗಿ ಕೇಳುವವರು ಇನ್ನೊಬ್ಬರು. ಗುಟ್ಟಿನ ಬೆಲೆ ಎಂದು ದುಪ್ಪಟ್ಟು ಹಣ ಕೀಳುವವರು ಮತ್ತೊಬ್ಬರು. ಈ ಅವಮಾನಕ್ಕೆ ಹೆದರಿ ಅವಳು ಔಷಧದ ಅಂಗಡಿಯ ಹಿಂಬಾಗಿಲಿಗೆ ಹೋಗುತ್ತಾಳೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದು ವೈದ್ಯ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು, ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವು. ಮಾತ್ರೆ ಕೆಟ್ಟದ್ದಲ್ಲ. ಒಂಬತ್ತು ವಾರದೊಳಗೆ, ಡಾಕ್ಟರರು ನೋಡಿ ಕೊಟ್ಟರೆ ಕ್ಷೇಮವೇ. ಎಷ್ಟು ವಾರ, ಎಷ್ಟು ಮಾತ್ರೆ, ರಕ್ತ ನಿಲ್ಲದಿದ್ದರೆ ಎಲ್ಲಿಗೆ ಎಂದು ಹೇಳುವವರಿಲ್ಲದಿದ್ದರೆ ಅದೇ ಅಪಾಯ.

ಎಲ್ಲಿಗೆ ಎಂಬುದೇ ನಮ್ಮ ಕರಾವಳಿಯ ಪ್ರಶ್ನೆ. ಕುಮಟೆಯಿಂದ ಮಂಗಳೂರಿಗೆ ಸುಮಾರು 200 ಕಿಲೋಮೀಟರ್. ಭಟಕಳದಿಂದ ಮಣಿಪಾಲಕ್ಕೆ ಹೋಗುವುದೆಂದರೂ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆ ಹೊರಟ ಆಂಬುಲೆನ್ಸು ಶಿರೂರಿನ ಟೋಲ್ ನಾಕೆಯಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು ಯಾರೂ ಮರೆತಿಲ್ಲ. ಆಗ ಜಿಲ್ಲೆಯ ಜನವೆಲ್ಲ ಎದ್ದು ನಮಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಕೂಗಿದರು. ಆ ಕೂಗಿನಲ್ಲಿ ಬಸುರಿಯ ಕೂಗೂ ಸೇರಿದೆ ಎಂದು ನಾನು ಹೇಳುತ್ತೇನೆ. ಹೃದಯಕ್ಕೆ ಡಾಕ್ಟರು ಬೇಕು, ನಿಜ. ರಾತ್ರಿ ರಕ್ತ ಹೋಗುವ ಹೆಂಗಸಿಗೂ ಡಾಕ್ಟರು ಬೇಕು. ಸಾಹುಕಾರನ ಮಗಳು ಕಾರಿನಲ್ಲಿ ಹೋಗಿ ಸಂಜೆಗೆ ಬರುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಹಂಚಿನ ಕಾರ್ಖಾನೆಯವಳು, ಮೀನು ಮಾರುವವಳು ಎಲ್ಲಿಗೆ ಹೋಗಬೇಕು? ಹಣವಿದ್ದವರಿಗೆ ಈ ಹಕ್ಕು ಯಾವಾಗಲೂ ಇತ್ತು, ಕಾಯಿದೆ ಇಲ್ಲದಾಗಲೂ ಇತ್ತು. ಕಾಯಿದೆ ಬೇಕಾಗಿರುವುದು ಹಣವಿಲ್ಲದವರಿಗೆ.

ಎದುರು ವಾದಗಳಿಗೆ ಉತ್ತರ

ಇದನ್ನು ಒಪ್ಪದವರು ನಮ್ಮಲ್ಲಿಯೇ ಇದ್ದಾರೆ. ಅವರ ಮಾತನ್ನೂ ಗೌರವದಿಂದ ಕೇಳೋಣ.

ಒಂದನೆಯದು ಧರ್ಮ. ನಮ್ಮ ಮೂರು ತಾಲೂಕುಗಳಲ್ಲಿ ಹಿಂದೂ, ಮುಸಲ್ಮಾನ, ಕ್ರಿಸ್ತ ಮೂವರೂ ಇದ್ದೇವೆ. ಜೀವ ಪವಿತ್ರ ಎಂದು ಮೂವರೂ ಹೇಳುತ್ತಾರೆ. ನಾನೂ ಅಲ್ಲಗಳೆಯುವುದಿಲ್ಲ. ಆದರೆ ಧರ್ಮಗಳ ಒಳಗೇ ಅಭಿಪ್ರಾಯ ಒಂದಿಲ್ಲ. ಇಸ್ಲಾಮಿನ ಪಂಡಿತರು 120 ದಿನಗಳ ವಿಚಾರದಲ್ಲಿ ಶತಮಾನಗಳಿಂದ ಚರ್ಚೆ ಮಾಡುತ್ತ ಬಂದಿದ್ದಾರೆ. ಕೆಥೊಲಿಕರೇ ಹೆಚ್ಚಾಗಿರುವ ಐರ್ಲೆಂಡಿನಲ್ಲಿ ಜನರೇ ಮತ ಹಾಕಿ ಕಾಯಿದೆ ಬದಲಿಸಿದರು. ನಿನ್ನ ಧರ್ಮ ಬೇಡ ಎಂದರೆ ನೀನು ಮಾಡಿಸಬೇಡ, ಯಾರೂ ಬಲವಂತ ಮಾಡುವುದಿಲ್ಲ. ನಿನ್ನ ಧರ್ಮವನ್ನು ನೆರೆಮನೆಯವಳ ಹೊಟ್ಟೆಯ ಮೇಲೆ ಹೇರಲು ಸರಕಾರದ ಪೋಲೀಸರನ್ನು ಕರೆಯಬೇಡ.

ಎರಡನೆಯದು, ಇದರಿಂದ ನೀತಿ ಕೆಡುತ್ತದೆ ಎಂಬುದು. 'ಘಟಶ್ರಾದ್ಧ' ಚಿತ್ರವನ್ನು ನೋಡಿದವರು ಇಲ್ಲಿ ಇದ್ದೀರಿ, 1977ರದು. ವಿಧವೆಯನ್ನು ಬಸುರು ಮಾಡಿದ ಗಂಡಸು ಒಬ್ಬ ಶಾಲಾ ಮಾಸ್ತರ. ಅವಳನ್ನು ನಡುನೀರಿನಲ್ಲಿ ಬಿಟ್ಟು ಅವನು ಓಡಿದ. ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡವಳು ಅವಳು. ನಾನೂ ಮಾಸ್ತರನಾಗಿದ್ದವನು, ನಾಚಿಕೆಯಿಂದಲೇ ಹೇಳುತ್ತೇನೆ: ನೀತಿಯ ಲೆಕ್ಕವನ್ನು ನಾವು ಯಾವಾಗಲೂ ಅವಳ ಹೆಸರಿನಲ್ಲೇ ಬರೆದಿದ್ದೇವೆ.

ಮೂರನೆಯದು, ಬಹಳ ಗಟ್ಟಿಯಾದ ವಾದ: ಹೆಣ್ಣು ಕೂಸುಗಳನ್ನು ಹುಡುಕಿ ಕೊಲ್ಲಲು ಇದೇ ದಾರಿಯಾಗಿದೆಯಲ್ಲ? ನಿಜ. 2023ರಲ್ಲಿ ಮಂಡ್ಯದ ಹತ್ತಿರ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲವನ್ನು ಪೋಲೀಸರು ಹಿಡಿದರು. ಬೆಲ್ಲ ಮಾಡುವ ಜಾಗದಲ್ಲಿ ಇಂಥ ವಿಷ! ಲಿಂಗ ಪತ್ತೆ ಮಾಡುವುದು 1994ರ ಕಾಯಿದೆಯಿಂದ ಅಪರಾಧ. ಅದನ್ನು ಕಟ್ಟುನಿಟ್ಟಾಗಿ ನಡೆಸಬೇಕು, ನಮ್ಮ ಪಕ್ಷ ಅದರ ಬೆನ್ನಿಗೆ ನಿಲ್ಲಬೇಕು. ಆದರೆ ಒಂದು ವಿಷಯ ಯೋಚಿಸಿರಿ. ಆ ಆಲೆಮನೆಗೆ ಹೋದ ಹೆಂಗಸರಲ್ಲಿ ಎಷ್ಟು ಜನ ತಮ್ಮ ಇಷ್ಟದಿಂದ ಹೋದರು, ಎಷ್ಟು ಜನರನ್ನು ಮನೆಯವರು ಒಯ್ದರು? ಬೇಡದ ಬಸುರನ್ನು ಹೊರು ಎನ್ನುವ ಕೈಯೂ ಬೇಕಾದ ಬಸುರನ್ನು ತೆಗೆಸು ಎನ್ನುವ ಕೈಯೂ ಒಂದೇ. ಎರಡು ಕಡೆಯೂ ಅವಳ ಮಾತಿಗೆ ಬೆಲೆ ಇಲ್ಲ. ವರದಕ್ಷಿಣೆ ಹೋಗದೆ, ಹೆಣ್ಣಿಗೆ ಆಸ್ತಿ ಬರದೆ, ಬರಿಯ ಪೋಲೀಸರಿಂದ ಈ ರೋಗ ಹೋಗದು.

ನಾಲ್ಕನೆಯದನ್ನು ನಮ್ಮವರಿಗಾಗಿಯೇ ಹೇಳುತ್ತೇನೆ. ಸಮಾಜವಾದ ಬಂದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎನ್ನುವವರಿದ್ದಾರೆ. ರಷ್ಯ 1920ರಲ್ಲಿ ಎಲ್ಲರಿಗಿಂತ ಮೊದಲು ಗರ್ಭಪಾತವನ್ನು ಕಾಯಿದೆಬದ್ಧ ಮಾಡಿತು. 1936ರಲ್ಲಿ ಸ್ಟಾಲಿನ್ ನಿಷೇಧಿಸಿದ, 1955ರಲ್ಲಿ ಮತ್ತೆ ತೆರೆದರು. ರುಮೇನಿಯದಲ್ಲಿ 1966ರಲ್ಲಿ ಚಾಷೆಸ್ಕು ನಿಷೇಧ ಹೇರಿ, ಸಾವಿರಾರು ಹೆಂಗಸರು ಕಳ್ಳದಾರಿಯಲ್ಲಿ ಸತ್ತರು. 1989ರಲ್ಲಿ ಅವನು ಉರುಳಿದ ಕೂಡಲೇ ಆ ಆಜ್ಞೆಯನ್ನು ಕಿತ್ತರು. ಚೀನವಾದರೋ ಒಂದೇ ಮಗು ಎಂದು ಬಲವಂತವಾಗಿ ತೆಗೆಸಿತು. ನಮ್ಮಲ್ಲಿ ತುರ್ತುಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದು ಸಂತಾನಹರಣ ಮಾಡಿದ್ದು ನಮ್ಮ ಹಿರಿಯರಿಗೆ ನೆನಪಿದೆ. ಹೆರು ಎಂದು ಹೇಳುವ ಸರಕಾರವೂ ಬೇಡ, ಹೆರಬೇಡ ಎಂದು ಹೇಳುವ ಸರಕಾರವೂ ಬೇಡ. ಭೂಮಿಗೆ ಧಣಿ ಬೇಡ ಎಂದ ಪಕ್ಷ ಹೆಂಗಸಿಗೆ ಧಣಿ ಬೇಕು ಎನ್ನುವುದಾದರೆ ಆ ಪಕ್ಷ ಯಾತಕ್ಕೆ?

ನಾವು ಮಾಡಬೇಕಾದದ್ದು

ದೊಡ್ಡ ಮಾತು ಸಾಕು. ಮಾಡುವ ಕೆಲಸ ಇಷ್ಟು.

ಒಂದು, ಗರ್ಭಪಾತದ ಕಾಯಿದೆಯನ್ನು, ಗಂಡನ ಸಹಿ ಬೇಡ ಎಂಬುದನ್ನೂ ಸೇರಿಸಿ, ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆದು ಪ್ರತಿ ಸರಕಾರಿ ಆಸ್ಪತ್ರೆಯ ಗೋಡೆಗೆ ಹಾಕಬೇಕು. ಎರಡು, ಮೂರೂ ತಾಲೂಕುಗಳ ಆಸ್ಪತ್ರೆಗಳಲ್ಲಿ ಹಗಲೂ ರಾತ್ರಿ ಸ್ತ್ರೀವೈದ್ಯರು ಇರಬೇಕು, ಜಿಲ್ಲೆಗೆ ಬೇಕಾದ ದೊಡ್ಡ ಆಸ್ಪತ್ರೆಯ ಬೇಡಿಕೆ ಬಿಡಬಾರದು. ಮೂರು, ಆರು ವಾರದ ರಜೆಯ ನೋಟೀಸನ್ನು ಪ್ರತಿ ಕಾರ್ಖಾನೆಯ ಬಾಗಿಲಿಗೆ ಹಚ್ಚುವಂತೆ ಯೂನಿಯನ್ನು ಕೇಳಬೇಕು. ನಾಲ್ಕು, ಔಷಧದ ಅಂಗಡಿ ಇಟ್ಟ ನಮ್ಮ ವ್ಯಾಪಾರಿ ಬಂಧುಗಳು ಚೀಟಿ ಇಲ್ಲದೆ ಮಾತ್ರೆ ಕೊಡುವುದನ್ನು ನಿಲ್ಲಿಸಿ, ಬಂದವಳಿಗೆ ಹೋಗಬೇಕಾದ ಆಸ್ಪತ್ರೆಯ ದಾರಿ ಹೇಳಬೇಕು, ಅದೂ ದನಿ ತಗ್ಗಿಸಿ. ಐದನೆಯದು ಗಂಡಸರಿಗೆ. ಬಸುರು ಬೇಡವಾದರೆ ಮೊದಲೇ ಜಾಗ್ರತೆ ವಹಿಸುವುದು ನಿಮ್ಮ ಕೆಲಸವೂ ಹೌದು. ಮೈಸೂರು ಸಂಸ್ಥಾನ 1930ರಲ್ಲೇ ಸರಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸುಮಾರು ನೂರು ವರ್ಷವಾಗುತ್ತ ಬಂತು, ಇನ್ನೂ ನಾವು ನಾಚಿಕೆ ಎಂದು ಕೂತಿದ್ದೇವೆ.

ನನ್ನ ಐದನೇ ಇಯತ್ತೆಯ ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ತಮ್ಮನನ್ನು ಸಾಕಿದಳು. ಈಗ ದೊಡ್ಡವಳಾಗಿದ್ದಾಳೆ, ತಾಯಿ ಹೋಗುತ್ತಿದ್ದ ಕೆಲಸಕ್ಕೇ ಹೋಗುತ್ತಾಳೆ. ಹೋದ ವಾರ ದಾರಿಯಲ್ಲಿ ಸಿಕ್ಕಳು. ತಾಯಿಯ ವಿಷಯದಲ್ಲಿ ಕಾಯಿದೆ ಏನು ಹೇಳುತ್ತಿತ್ತು ಎಂಬುದನ್ನು ಅವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಮಾಸ್ತರೇ, ಇದನ್ನ ಆಗ ಯಾರೂ ಯಾಕೆ ಹೇಳ್ಲಿಲ್ಲ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಈ ಸಭೆ ಅದಕ್ಕೆ ತಡವಾಗಿ ಕೊಟ್ಟ ಉತ್ತರ. ಹೊರಗೆ ಬಾಗಿಲ ಹತ್ತಿರ ಮೇಜಿನ ಮೇಲೆ ಅರ್ಜಿ ಇಟ್ಟಿದೆ. ಸಹಿ ಬರುವವರು ಸಹಿ ಮಾಡಿರಿ, ಬಾರದವರು ಹೆಬ್ಬೆಟ್ಟು ಒತ್ತಿರಿ. ಗಂಡಸರು ಮೊದಲು ಹೋಗಿರಿ. ಇಷ್ಟು ದಿನ ಅವಳಿಂದ ನಿಮ್ಮ ಸಹಿಯನ್ನು ಕೇಳುತ್ತಿದ್ದರು, ಇಂದು ಅವಳ ಪರವಾಗಿ ಆ ಸಹಿಯನ್ನು ಹಾಕಿ ಬನ್ನಿರಿ.